ಎಲೆಯ ಉಸಿರು ಸಾಯಬೇಕು

ನಾನು ಮಾಡಿದ ಮೊದಲ ಕಿಮ್ಚಿ ನೇರ ಕಸಕ್ಕೆ ಹೋಯಿತು. ಕಿಮ್ಚಿ ಅಂದರೆ ಸೊಪ್ಪು ತರಕಾರಿಗೆ ಉಪ್ಪು-ಖಾರ ಹಿಡಿಸಿ ಹುಳಿ ಬರಿಸುವ ಕೊರಿಯಾದ ಉಪ್ಪಿನಕಾಯಿ. ಕೊರಿಯಾದಲ್ಲಿ ಅದೂ ಸಲೀಸಲ್ಲ. ಅಡುಗೆಮನೆ ಕಸಕ್ಕೆ ಬೇರೆ ಚೀಲ, ಆ ಚೀಲಕ್ಕೆ ದುಡ್ಡು. ಕಿಮ್ಚಿ ಎಸೆಯುವುದಾದರೆ ಉಪ್ಪು-ಖಾರ ತೊಳೆದು, ನೀರು ಹಿಂಡಿ ಹಾಕಬೇಕು. ಹಾಗೆ ಅಂಗಳದ ನಲ್ಲಿ ಕೆಳಗೆ ಕೂತು ಕೆಂಪು ಎಲೆ ತೊಳೆಯುತ್ತಿದ್ದಾಗಲೇ ಮನೆ ಓನರ್ ಅಜ್ಜಿಯ ಕಣ್ಣಿಗೆ ಬಿದ್ದೆ.

ನಾನು ಸಾಗರದ ಕಡೆಯವನು. ದೇಜೊನ್ ಊರಿನ ಒಂದು ಲ್ಯಾಬ್‌ನಲ್ಲಿ ಕೆಲಸ. ಅಜ್ಜಿ ಕೆಳಗೆ, ನಾನು ಮೇಲಿನ ರೂಮಿನಲ್ಲಿ. ಅವರನ್ನು ನಾನು ಹಾಲ್ಮೋನಿ ಅನ್ನುತ್ತೇನೆ, ಅಂದರೆ ಅಜ್ಜಿ. ಅವರು ನನ್ನನ್ನು ಚೊಂಗ್ಗಾಕ್ ಅನ್ನುತ್ತಾರೆ, ಅಂದರೆ ಮದುವೆಯಾಗದ ಹುಡುಗ. ಎಳೆ ಮೂಲಂಗಿಯನ್ನು ಸೊಪ್ಪಿನ ಜುಟ್ಟಿನ ಸಮೇತ ಹಾಕುವ ಒಂದು ಕಿಮ್ಚಿಗೂ ಅದೇ ಹೆಸರು. ಹಿಂದೆ ಮದುವೆಯಾಗದ ಗಂಡಸರ ಜಡೆ ಹಾಗೇ ಕಾಣುತ್ತಿತ್ತಂತೆ. ಈ ಜೋಕು ಹಾಲ್ಮೋನಿಗೆ ಇನ್ನೂ ಹಳತಾಗಿಲ್ಲ.

ಕಿಮ್ಚಿ ಎಲ್ಲಾ ಹೋಟೆಲಿನಲ್ಲೂ ಸಿಗುತ್ತದೆ, ಮತ್ತೆ ಮನೆಯಲ್ಲಿ ಯಾಕೆ ಮಾಡಲು ಹೋದೆ? ಮೀನು ಮಾಂಸ ತಿನ್ನದವನು ನಾನು. ಬಂದ ಹೊಸದರಲ್ಲಿ ತಟ್ಟೆ ತಟ್ಟೆ ಕಿಮ್ಚಿ ಖಾಲಿ ಮಾಡಿದೆ, ಬರೀ ಸೊಪ್ಪು ತಾನೇ ಅಂತ. ಮೂರು ತಿಂಗಳಾದ ಮೇಲೆ ಲ್ಯಾಬ್ ಗೆಳೆಯನೊಬ್ಬ ಮೆಲ್ಲಗೆ ಹೇಳಿದ: ಅದರಲ್ಲಿ ಉಪ್ಪು ಹಾಕಿಟ್ಟ ಸಿಗಡಿ ಇರುತ್ತದೆ, ಮೀನಿನ ರಸವೂ ಇರುತ್ತದೆ. ಆ ಸಂಜೆ ಊಟ ಸೇರಲಿಲ್ಲ. ಆದರೆ ನಾಲಿಗೆಗೆ ರುಚಿ ಹತ್ತಿಬಿಟ್ಟಿತ್ತಲ್ಲ!

ಸರಿ, ನಲ್ಲಿ ಹತ್ತಿರ ಬಂದ ಹಾಲ್ಮೋನಿ ಒಂದು ಎಲೆ ಎತ್ತಿಕೊಂಡು, ಬುಡದ ದಪ್ಪ ಬಿಳಿ ಭಾಗವನ್ನು ಎರಡು ಬೆರಳಲ್ಲಿ ಬಗ್ಗಿಸಿದರು. ಟಕ್ ಅಂತ ಮುರಿಯಿತು. "ಇದರ ಉಸಿರು ಇನ್ನೂ ಸತ್ತಿಲ್ಲ" ಅಂದರು. ಕೊರಿಯನ್ನರು ಸೊಪ್ಪು ಬಾಡುವುದಕ್ಕೆ ಹಾಗೇ ಹೇಳುವುದು. ನಾನು ಮಾಡಿದ್ದು ಎರಡು ತಪ್ಪು. ಅಂಗಡಿಯಿಂದ ತಂದಿದ್ದು ಅಜಿನೊಮೊಟೊ ಬೆರೆಸಿದ ಪುಡಿ ಉಪ್ಪು. ನೆನೆಸಿದ್ದು ಬರೀ ಎರಡು ಗಂಟೆ. ಮಸಾಲೆ ಹಚ್ಚಿದ ಮೇಲೆ ಎಲೆ ತನ್ನ ನೀರನ್ನೆಲ್ಲ ಬಿಟ್ಟಿತು, ಮಸಾಲೆ ಅದರ ಮೇಲೆ ತೇಲಿತು.

ನವೆಂಬರ್ ಕೊನೆಗೆ ಅವರೇ ಕರೆದರು. ಚಳಿಗಾಲಕ್ಕೆಂದು ಮನೆಮಂದಿಯೆಲ್ಲ ಕೂತು ರಾಶಿ ಕಿಮ್ಚಿ ಹಾಕುವುದಕ್ಕೆ ಕಿಮ್‌ಜಾಂಗ್ ಅನ್ನುತ್ತಾರೆ. 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಹಾಲ್ಮೋನಿ ಮನೆಯಲ್ಲಿ ಮಾತ್ರ ಯುನೆಸ್ಕೊ ಸುದ್ದಿ ಯಾರೂ ಎತ್ತಲಿಲ್ಲ. ಇಪ್ಪತ್ತು ಗಡ್ಡೆ ಬೆಚು, ಅಂದರೆ ನಮ್ಮಲ್ಲಿ ಚೈನೀಸ್ ಕ್ಯಾಬೇಜ್ ಅನ್ನುತ್ತಾರಲ್ಲ ಅದು. ಎರಡು ದೊಡ್ಡ ಕೆಂಪು ರಬ್ಬರ್ ಟಬ್ಬು. ನನಗೂ ಒಂದು ಜೊತೆ ಗುಲಾಬಿ ಗ್ಲೌಸ್.

ಅಲ್ಲಿ ಕಂಡದ್ದು ಕಲ್ಲುಪ್ಪು. ಸಮುದ್ರದ ನೀರು ಒಣಗಿಸಿ ತೆಗೆದ ದಪ್ಪ ಹರಳು. ಮೂರು ಕಿಲೋದ ಗಡ್ಡೆಗೆ ಹೆಚ್ಚುಕಡಿಮೆ 300 ಗ್ರಾಂ. ಅರ್ಧ ಉಪ್ಪನ್ನು ನೀರಿಗೆ ಕರಗಿಸಿ, ಸೀಳಿದ ಗಡ್ಡೆಯನ್ನು ಅದ್ದಿ ತೆಗೆಯಬೇಕು. ಉಳಿದ ಅರ್ಧವನ್ನು ಎಲೆ ಎಲೆ ಬಿಡಿಸಿ ಬುಡಕ್ಕೆ ಮಾತ್ರ ಉದುರಿಸಬೇಕು. ತುದಿಗೆ ಬೇಡ, ತುದಿ ತೆಳು, ತಾನೇ ಬಾಡುತ್ತದೆ. ರಾತ್ರಿಯಿಡೀ ಬಿಟ್ಟು, ನಡುವೆ ಒಮ್ಮೆ ಎದ್ದು ಮೇಲಿನದು ಕೆಳಗೆ ಮಾಡಬೇಕು. ಬೆಳಿಗ್ಗೆ ಬುಡ ಬಗ್ಗಿಸಿ ನೋಡಿದೆ. ತೊಗಲಿನ ಬೆಲ್ಟಿನ ಹಾಗೆ ಮಡಚಿಕೊಂಡಿತು, ಮುರಿಯಲಿಲ್ಲ.

ನನಗೆ ಅಮ್ಮನ ಅಪ್ಪೆಮಿಡಿ ಜಾಡಿ ನೆನಪಾಯಿತು. ಮಿಡಿ ಉಪ್ಪಲ್ಲಿ ಕೂತು ಚಿರುಟಿಕೊಳ್ಳುವ ತನಕ ಅಮ್ಮ ಖಾರದ ಮಾತೇ ಎತ್ತುವುದಿಲ್ಲ. ಇಷ್ಟು ಗೊತ್ತಿದ್ದೂ ನಾನು ಬರೀ ಮಸಾಲೆಯ ವಿಡಿಯೊ ನೋಡುತ್ತಾ ಕೂತಿದ್ದೆ.

ಆಮೇಲೆ ಮೂರು ಸಲ ತೊಳೆದು, ಕವುಚಿ ಹಾಕಿ, ಎರಡು ಮೂರು ಗಂಟೆ ನೀರು ಬಸಿಯಬೇಕು. ಮಸಾಲೆಗೆ ಅಂಟು ಅಕ್ಕಿ ಹಿಟ್ಟಿನ ತೆಳು ಗಂಜಿ, ಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿ, ಪೇರ್, ಉದ್ದಕ್ಕೆ ಹೆಚ್ಚಿದ ಮೂಲಂಗಿ, ಈರುಳ್ಳಿ ಸೊಪ್ಪು. ಖಾರ ಎಲೆಗೆ ಹಿಡಿಯುವುದೂ, ಹುಳಿ ಬೇಗ ಬರುವುದೂ ಆ ಗಂಜಿಯಿಂದ. ನನ್ನ ಪಾಲಿನ ಎರಡು ಗಡ್ಡೆಗೆ ಹಾಲ್ಮೋನಿ ಬೇರೆ ಪಾತ್ರೆ ಇಟ್ಟರು. ಸಿಗಡಿ ಬದಲು ಕಡಲ ಪಾಚಿ, ಒಣ ಅಣಬೆ ಕುದಿಸಿದ ನೀರು. ಮೀನಿನ ರಸದ ಬದಲು ಸಾರಿಗೆ ಹಾಕುವ ಉಪ್ಪು ಸೋಯಾ ಸಾಸ್. "ಗುಡಿಯಲ್ಲಿ ಹೀಗೇ ಮಾಡುತ್ತಾರೆ" ಅಂದರು.

ಆ ಗುಡಿಗೂ ಒಮ್ಮೆ ಕರೆದುಕೊಂಡು ಹೋದರು. ಗ್ಯೇರ್ಯೊಂಗ್ ಬೆಟ್ಟದ ದೋಂಗ್ಹಾಕ್ಸಾ, ಬಿಕ್ಕುಣಿಯರ ಮಠ. ಬೌದ್ಧ ಮಠದ ಅಡುಗೆಗೆ ಮೀನಷ್ಟೇ ಅಲ್ಲ, ಘಾಟಿನ ಐದು ಪದಾರ್ಥಗಳೂ ವರ್ಜ್ಯ. ಬೆಳ್ಳುಳ್ಳಿ ಇಲ್ಲ, ಈರುಳ್ಳಿ ಜಾತಿಯ ಸೊಪ್ಪುಗಳಿಲ್ಲ. ಪಟ್ಟಿಯ ಐದನೆಯದು ಹುಂಗೊ. ಏನದು ಅಂತ ಹುಡುಕಿದರೆ ನಮ್ಮ ಹಿಂಗು! ಸಂಸ್ಕೃತದ ಹೆಸರೇ ಚೀನಾ ಸುತ್ತಿ ಅಲ್ಲಿಗೆ ಹೋಗಿದೆ. ಬೆಳ್ಳುಳ್ಳಿ ಬೇಡ ಅಂತ ಹಿಂಗು ಹಾಕುವ ಮನೆಯಿಂದ ಬಂದವನು ನಾನು. ಅಲ್ಲಿ ಎರಡಕ್ಕೂ ಬಾಗಿಲು ಬಂದ್. (ನನ್ನ ಕಿಮ್ಚಿಗೆ ಬೆಳ್ಳುಳ್ಳಿ ಬೀಳುತ್ತದೆ. ಅಮ್ಮನಿಗೆ ಹೇಳಬೇಡಿ.)

ನಡುವೆ ಒಂದು ಸಲ ಊರಿಂದ ಬಂದ ಬ್ಯಾಡಗಿ ಪುಡಿ ಹಾಕಿ ನೋಡಿದೆ. ಅದೂ ಬಣ್ಣ ಜಾಸ್ತಿ, ಖಾರ ಕಡಿಮೆ, ಅಲ್ವಾ? ಬಣ್ಣವೇನೋ ಚೆನ್ನಾಗೇ ಬಂತು. ಆದರೆ ನಮ್ಮ ಪುಡಿ ನುಣ್ಣಗೆ, ಎಲೆ ಮೇಲೆ ಕೆಸರಿನ ಹಾಗೆ ಕೂತುಬಿಟ್ಟಿತು. ಗೊಚುಗಾರು, ಅಂದರೆ ಕೊರಿಯನ್ನರ ಮೆಣಸಿನ ಪುಡಿ, ಬೀಜ ತೆಗೆದು ತರಿತರಿಯಾಗಿ ಬೀಸಿದ್ದು. ಮುಂದಿನ ಸಲ ಮೆಣಸಿನಕಾಯಿ ತರಿಸಿ ತರಿಯಾಗಿ ಬೀಸಿದೆ. ಪರವಾಗಿಲ್ಲ ಅನಿಸಿತು.

ಡಬ್ಬಿ ಕಂಠದ ತನಕ ತುಂಬಬೇಡಿ. ಮುಕ್ಕಾಲು ಸಾಕು. ಗಾಳಿ ಉಳಿಯದ ಹಾಗೆ ಒತ್ತಿ, ಮೇಲೆ ಉಪ್ಪು ಹಿಡಿದ ಹೊರ ಎಲೆ ಮುಚ್ಚಿ. ಒಂದು ದಿನ ಹೊರಗಿಟ್ಟು ಆಮೇಲೆ ಫ್ರಿಜ್. ನಾನು ತುಂಬಿದ ಡಬ್ಬಿ ಹಿಡಿದು ರಾಜಧಾನಿ ಸಿಯೋಲ್‌ನ ಗೆಳೆಯನ ಮನೆಗೆ ಬಸ್ ಹತ್ತಿದ್ದೆ. ದಾರಿಯಲ್ಲೇ ರಸ ಉಕ್ಕಿ ಬ್ಯಾಗು, ಪ್ಯಾಂಟು ಎಲ್ಲಾ ಕೆಂಪು. ಪಕ್ಕದ ಸೀಟಿನವರು ಬೈಯಲಿಲ್ಲ, ಸುಮ್ನೆ ಟಿಶ್ಯೂ ಕೊಟ್ಟರು.

ಈ ಚಳಿಗಾಲ ನಾನೊಬ್ಬನೇ ನಾಲ್ಕು ಗಡ್ಡೆ ಹಾಕಿದೆ. ಹಿಂದಿನ ಹೆದರಿಕೆಗೆ ಉಪ್ಪಿನಲ್ಲಿ ಸ್ವಲ್ಪ ಹೆಚ್ಚೇ ಬಿಟ್ಟಿದ್ದೆ. ಹಾಲ್ಮೋನಿ ಮೇಲೆ ಬಂದರು. ಒಂದು ಎಲೆ ಸುರುಳಿ ಸುತ್ತಿ ಮೊದಲು ನನ್ನ ಬಾಯಿಗೇ ತುತ್ತಿಟ್ಟರು, ಆಮೇಲೆ ತಾವು ತಿಂದರು. ಮುಖ ಕಿವಿಚಿ "ಚ್ಚಾ!" ಅಂದರು, ಉಪ್ಪು ಅಂತ. ಮರುಮಾತಿಲ್ಲದೆ ಕೆಳಗೆ ಹೋಗಿ ಒಂದು ಮೂಲಂಗಿ ತಂದು, ಅಂಗೈಯಗಲ ತುಂಡು ಮಾಡಿ ಗಡ್ಡೆಗಳ ನಡುವೆ ನಡುವೆ ತುರುಕಿದರು. ಉಪ್ಪು ಅದು ಎಳೆದುಕೊಳ್ಳುತ್ತದೆ, ಜನವರಿ ತನಕ ಮುಚ್ಚಳ ತೆಗೆಯಬೇಡ ಅಂದರು.

ಜನವರಿಯಲ್ಲಿ ತೆಗೆದೆ. ಎಲೆಗಿಂತ ಮೂಲಂಗಿಯೇ ಮೊದಲು ಖಾಲಿಯಾಯಿತು.