ಐಸ್‌ಕ್ರೀಮ್ ಫ್ರೀಜರ್‌ನಲ್ಲಿ ಮದುವೆ ಆಲ್ಬಮ್

ನಮ್ಮದು ಗೋಕಾಕ. ಸುಮಾರು ಹದಿನೇಳು ವರ್ಷ ಮದುವೆ ಫೋಟೋ ತೆಗೆದೆ. ಈಗ ಮದುವೆಗೆ ಹೋಗುವುದು ಕಡಿಮೆ. ನೀರಲ್ಲಿ ನೆಂದು ಒಂದಕ್ಕೊಂದು ಅಂಟಿದ, ಬೂಷ್ಟು ಹಿಡಿದ ಫೋಟೋಗಳನ್ನು ಬಿಡಿಸುವುದೇ ಮುಖ್ಯ ಕೆಲಸ ಆಗಿದೆ. "ಇದು ಆಗೋ ಮಾತಲ್ಲ ಬಿಡು" ಅಂದಿದ್ದ ಸ್ಟುಡಿಯೋದವರೇ ಈಗ ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಹೇಗೆ ಮಾಡ್ತೀಯ ಅಂತ ಫೋನ್ ಮೇಲೆ ಫೋನ್. ಒಂದೇ ಸಲ ಬರೆದುಬಿಡೋಣ ಅಂತ ಕೂತೆ. ಓದುವವರು ಇದೇ ಕಸುಬಿನವರು, ಹಾಗಾಗಿ ಸ್ಕ್ಯಾನರ್ ಅಂದ್ರೇನು, ಲೇಯರ್ ಅಂದ್ರೇನು ಅಂತ ಹೇಳುತ್ತಾ ಕೂರಲ್ಲ.

2019ರ ಆಗಸ್ಟ್ ನೆನಪಿದೆಯಲ್ಲ? ಘಟಪ್ರಭೆಯ ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟರು, ಮಾರ್ಕಂಡೇಯ ಹೊಳೆಯೂ ತುಂಬಿ ಬಂತು, ಲೋಳಸೂರ ಸೇತುವೆ ಮುಳುಗಿತು. ನನ್ನ ಸ್ಟುಡಿಯೋ ಹೊಳೆ ಕಡೆಯ ತಗ್ಗಿನಲ್ಲಿತ್ತು. ಕ್ಯಾಮೆರಾ ಬ್ಯಾಗು, ಲ್ಯಾಪ್‌ಟಾಪು ಹಿಡಿದುಕೊಂಡು ಎತ್ತರದಲ್ಲಿದ್ದ ಮಾವನ ಮನೆಗೆ ಓಡಿದೆವು. ನೀರು ಇಳಿದ ಮೇಲೆ ಶಟರ್ ಎತ್ತಿ ನೋಡಿದರೆ ಗೋಡೆ ಮೇಲೆ ನನ್ನ ತಲೆಗಿಂತ ಒಂದು ಗೇಣು ಎತ್ತರಕ್ಕೆ ಕೆಸರಿನ ಗೆರೆ. ಮೂರು ಹಾರ್ಡ್‌ಡಿಸ್ಕ್, ಪ್ರಿಂಟರ್, ಲೈಟು, ಬಣ್ಣದ ಪರದೆಗಳು ಎಲ್ಲ ಹೋಗಿದ್ದವು. ಮೂರು ಲಕ್ಷದ ಹತ್ತಿರ ಲುಕ್ಸಾನು.

ಕೆಸರು ಬಳಿಯುವಾಗ ನೆಂದ ಆಲ್ಬಮ್‌ಗಳನ್ನೆಲ್ಲ ತಿಪ್ಪೆಗೆ ಹಾಕಲು ಹೊರಟಿದ್ದೆ. ಹೆಂಡತಿ ಅಡ್ಡ ಬಂದಳು. "ಒಗೀಬ್ಯಾಡ್ರಿ. ಒಣಗಿಸಿ ನೋಡೂಣು." ನಮ್ಮ ಮದುವೆಯದೂ ಸೇರಿ ನಾಲ್ಕು ಆಲ್ಬಮ್ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟಳು. ಒಣಗಿದವು, ಆದರೆ ಒಣಗಿ ಇಟ್ಟಿಗೆ ಆದವು. ಆ ಇಟ್ಟಿಗೆಗಳನ್ನೂ ಬಿಸಾಡಲಿಲ್ಲ ಅವಳು. ಹಳೇ ಇಳಕಲ್ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು. ನಾನು ನಕ್ಕಿದ್ದೆ.

ಮರುವರ್ಷ ಲಾಕ್‌ಡೌನ್. ಸೀಸನ್ ಪೂರ್ತಿ ಹೋಯಿತು. ಎರಡನೇ ಕ್ಯಾಮೆರಾ ಬಾಡಿಯನ್ನು ನಲವತ್ತೆರಡು ಸಾವಿರಕ್ಕೆ ಮಾರಿದೆ. ತಗೊಂಡವನು ಈಗಲೂ ಸಿಕ್ಕಾಗ ನಗ್ತಾನೆ. 2021ರ ಮೇನಲ್ಲಿ, ಎರಡನೇ ಅಲೆಯಲ್ಲಿ, ಹೆಂಡತಿ ಹೋದಳು. ಒಂಬತ್ತು ದಿನ ಆಸ್ಪತ್ರೆ. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ.

ಶಿವಗಣಾರಾಧನೆಗೆ ಹಾರ ಹಾಕಲು ಫೋಟೋ ಬೇಕಿತ್ತು. ಊರವರ ಮದುವೆಗಳಲ್ಲಿ ಲಕ್ಷಗಟ್ಟಲೆ ಫೋಟೋ ತೆಗೆದಿದ್ದೇನೆ. ಅವಳದು ಮೊಬೈಲ್‌ನಲ್ಲಿ ಹತ್ತು ಹನ್ನೆರಡು ಇದ್ದವು. ಅರ್ಧ ಮಾಸ್ಕ್ ಹಾಕಿದ್ದು, ಇನ್ನರ್ಧ ಅಲುಗಾಡಿದ್ದು. ಆಗ ಟ್ರಂಕು ನೆನಪಾಯಿತು.

ಆ ರಾತ್ರಿ ಮಾಡಿದ ತಪ್ಪುಗಳನ್ನು ಹೇಳಲೇಬೇಕು, ಯಾಕೆಂದರೆ ಎಲ್ಲರೂ ಇವನ್ನೇ ಮಾಡ್ತಾರೆ. ಮೊದಲು ಬ್ಲೇಡು. ಎರಡು ಫೋಟೋ ಹರಿದವು. ಆಮೇಲೆ ಹೇರ್ ಡ್ರೈಯರ್. ಇನ್ನೂ ಗಟ್ಟಿಯಾಗಿ ಅಂಟಿದವು. ಕೊನೆಗೆ ಬಕೀಟಿನಲ್ಲಿ ಬಿಸಿನೀರು ಹಾಕಿ ಇಡೀ ಇಟ್ಟಿಗೆಯ ಒಂದು ತುದಿ ಮುಳುಗಿಸಿದೆ. ಹಾಳೆ ಬಿಟ್ಟುಕೊಂಡಿತು, ಖುಷಿಯಾಯಿತು. ಎತ್ತಿದರೆ ಕೈಯಲ್ಲಿ ಬಿಳಿ ಕಾಗದ ಮಾತ್ರ. ಚಿತ್ರ ಕಾದ ಹಾಲಿನ ಕೆನೆಯ ಹಾಗೆ ಜಾರಿ ನೀರಿನ ಮೇಲೆ ತೇಲುತ್ತಿತ್ತು. ಅರಿಶಿನ ಹಚ್ಚಿದ ಅವಳ ಮುಖ, ಬಾಸಿಂಗ ಸಮೇತ. ಬೆರಳು ತಾಗಿದ್ದೇ ತಡ, ಮುದುಡಿ ಉಂಡೆಯಾಯಿತು. ಕಾರ್ಯಕ್ಕೆ ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಅದು ಅವಳು ಅಂತ ನನಗೇ ಅನ್ನಿಸಲಿಲ್ಲ.

ಆಮೇಲಿನ ಎರಡು ತಿಂಗಳು ಕೆಲಸ ಇಲ್ಲ, ನಿದ್ದೆ ಇಲ್ಲ. ರಾತ್ರಿಯೆಲ್ಲ ಇದನ್ನೇ ಹುಡುಕಿ ಓದಿದೆ. ಮ್ಯೂಸಿಯಮ್‌ಗಳಲ್ಲಿ ನೀರು ಹೊಕ್ಕರೆ ಒದ್ದೆ ಫೋಟೋಗಳನ್ನು ತಕ್ಷಣ ಒಣಗಿಸಲು ಆಗದಿದ್ದರೆ ಮೊದಲು ಫ್ರೀಜ್ ಮಾಡುತ್ತಾರೆ. ಬೂಷ್ಟು ನಿಲ್ಲುತ್ತೆ, ಕೊಳೆಯುವುದು ನಿಲ್ಲುತ್ತೆ. ಆಮೇಲೆ ಪುರುಸೊತ್ತಿನಲ್ಲಿ ಒಂದೊಂದೇ ಕರಗಿಸಿ ತಣ್ಣೀರಿನಲ್ಲಿ ಬಿಡಿಸುತ್ತಾರೆ. ಕಾರಣ ಸರಳ: ಚಿತ್ರ ಕೂತಿರುವುದು ಜೆಲಟಿನ್ ಅನ್ನುವ ಅಂಟಿನಂಥ ಪದರದೊಳಗೆ. ತಣ್ಣೀರಿನಲ್ಲಿ ಅದು ಉಬ್ಬುತ್ತೆ, ಬಿಸಿನೀರಿನಲ್ಲಿ ಕರಗುತ್ತೆ.

ಅದೇ ವರ್ಷ ಜುಲೈ ಕೊನೆಗೆ ಘಟಪ್ರಭೆ ಮತ್ತೆ ಉಕ್ಕಿತು. ಈ ಸಲ ನಾನೇ ಮನೆ ಮನೆಗೆ ಹೋದೆ. "ನೆಂದ ಆಲ್ಬಮ್ ಬಿಸಿಲಿಗೆ ಇಡಬ್ಯಾಡ್ರಿ, ನನಗ ಕೊಡ್ರಿ" ಅಂದೆ. ಹೆಂಡತಿ ಹೋದಮೇಲೆ ತಲೆ ಕೆಟ್ಟಿದೆ ಅಂತ ಕೆಲವರು ಮಾತಾಡಿಕೊಂಡರು. ಇರಲಿ. ಪೇಟೆಯ ಎತ್ತರದ ಕಡೆ ಒಬ್ಬರ ಐಸ್‌ಕ್ರೀಮ್ ಅಂಗಡಿ ಇದೆ. ಮಳೆಗಾಲ, ವ್ಯಾಪಾರ ಇಲ್ಲ, ಫ್ರೀಜರ್ ಖಾಲಿ. ದಿನಕ್ಕೆ ಎಂಬತ್ತು ರೂಪಾಯಿಗೆ ಬಾಡಿಗೆ ಮಾತಾಡಿದೆ. ನನ್ನ ಜೊತೆಯವನೇ ಒಬ್ಬ ಫೋಟೋಗ್ರಾಫರ್ ಬಂದು ಇಣುಕಿ ನೋಡಿ, "ಏನಪಾ, ಫೋಟೋದ ಕುಲ್ಫಿ ಮಾಡಾಕ್ಹತ್ತಿ ಏನು?" ಅಂದ. ಅಂಗಡಿ ತುಂಬ ನಗು.

ಕುಲ್ಫಿಯ ವಿಧಾನ ಹೀಗಿದೆ. ನೆಂದ ಎರಡು ದಿನದೊಳಗೆ ಕೈಗೆ ಸಿಗಬೇಕು. ಮೇಲಿನ ಕೆಸರು ಹರಿಯುವ ತಣ್ಣೀರಿನಲ್ಲಿ ತಾನಾಗಿ ಹೋಗಲು ಬಿಡಬೇಕು, ಉಜ್ಜಬಾರದು. ಬಿಡಿ ಬಿಡಿಯಾಗಿ ಬರುವ ಪುಟಗಳ ನಡುವೆ ಬಟರ್ ಪೇಪರ್. ಬರದಿದ್ದರೆ ಒತ್ತಾಯ ಮಾಡದೆ ಹಾಗೇ ಪ್ಲಾಸ್ಟಿಕ್ ಚೀಲಕ್ಕೆ. ಚೀಲದ ಮೇಲೆ ಮನೆಯವರ ಹೆಸರು ಬರೆಯಿರಿ, ಮರೆತರೆ ಆಮೇಲೆ ಯಾರ ಮದುವೆ ಯಾರದೋ ಆಗುತ್ತೆ. ಫ್ರೀಜರ್‌ನಲ್ಲಿ ಒಂದರ ಮೇಲೊಂದು ಪೇರಿಸಬಾರದು, ಅಡ್ಡಕ್ಕೆ ಒಂದೇ ಸಾಲು. ಇದನ್ನು ಕಲಿಯಲು ನನಗೆ ಐದು ಆಲ್ಬಮ್ ಖರ್ಚಾದವು. ಮೊದಲ ವಾರ ಮೂವತ್ತೊಂದು ಆಲ್ಬಮ್ ಪೇರಿಸಿ ತುಂಬಿದ್ದೆ. ಒಂದು ರಾತ್ರಿ ಕರೆಂಟ್ ಹೋಗಿ ಹದಿನಾಲ್ಕು ತಾಸು ಬರಲಿಲ್ಲ. ಕರಗಿ ಮತ್ತೆ ಗಟ್ಟಿಯಾದಾಗ ಅಡಿಯವು ಐದೂ ಒಂದೇ ಗಡ್ಡೆ. ಆ ಐದು ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದೆ. ಒಬ್ಬರು ಚಹಾ ಕೊಟ್ಟರು, ಇನ್ನೊಬ್ಬರು ಬೈದರು. ಅಲ್ಲಿಂದ ಮುಂದೆ ಕರೆಂಟ್ ಹೋದ ಕೂಡಲೇ ಫ್ರೀಜರ್ ಮೇಲೆ ಎರಡು ಕಂಬಳಿ ಹೊದಿಸುತ್ತೇನೆ, ಮುಚ್ಚಳ ಎತ್ತಲ್ಲ.

ಇನ್ನು ಫ್ರೀಜರ್‌ನಿಂದ ತೆಗೆದದ್ದನ್ನು ಟ್ರೇಯಲ್ಲಿ ನೆನೆಸಿ ಬಿಡಿಸುವ ನೀರಿನ ವಿಷಯಕ್ಕೆ ಬರೋಣ. ನಮ್ಮ ಬೋರ್‌ವೆಲ್ ನೀರು ಗಡಸು. ಒಣಗಿದ ಮೇಲೆ ಮುಖದ ತುಂಬ ಬಿಳಿ ಚುಕ್ಕೆ. ಎರಡು ತಿಂಗಳು ತಲೆ ಕೆಡಿಸಿಕೊಂಡೆ, ಸ್ಕ್ಯಾನರ್ ಗಾಜಿನ ದೋಷ ಅಂತ ಗಾಜು ಉಜ್ಜಿದ್ದೇ ಉಜ್ಜಿದ್ದು. ಈಗ ಮೊದಲ ಎರಡು ಟ್ರೇಗೆ ನಲ್ಲಿ ನೀರು, ಕೊನೆಯದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಬೇಸಿಗೆಯಲ್ಲಿ ಟ್ರೇ ಅಡಿಗೆ ಐಸ್. ಕೊನೆಯ ನೀರಿಗೆ ಒಂದು ಹನಿ ಏನೋ ಹಾಕ್ತೀನಿ. ಅದು ಎಲ್ಲರ ಮನೆಯಲ್ಲೂ ಇರುತ್ತೆ, ಆದರೆ ಇಲ್ಲಿ ಹೇಳಲ್ಲ. ಹಾಳೆಗಳು ತಾವಾಗಿಯೇ ಜಾರುವ ತನಕ ಕಾಯಬೇಕು. ಒಮ್ಮೊಮ್ಮೆ ಇಪ್ಪತ್ತು ನಿಮಿಷ, ಒಮ್ಮೊಮ್ಮೆ ಇಡೀ ಮಧ್ಯಾಹ್ನ. ಎಷ್ಟೊತ್ತಿಗೆ ಕೈ ಹಾಕಬೇಕು ಅನ್ನೋದು ಬೆರಳಿಗೆ ಗೊತ್ತಾಗಬೇಕು, ಬರೆದು ತಿಳಿಸೋಕೆ ಆಗಲ್ಲ. ಒಣಗಿಸಲು ಕಟ್ಟಿಗೆ ಚೌಕಟ್ಟಿಗೆ ಸೊಳ್ಳೆ ಪರದೆ ಬಿಗಿದಿದ್ದೇನೆ. ಚಿತ್ರ ಮೇಲ್ಮುಖ. ಫ್ಯಾನ್ ಗಾಳಿ ನೇರ ಬೀಳಬಾರದು.

ಕಲರ್ ಪ್ರಿಂಟ್ ಹಾಳಾದದ್ದರಲ್ಲಿ ಅಂಚನ್ನು ನೋಡಿ. ಬಣ್ಣದ ಪದರಗಳು ಮೂರು. ಮೇಲಿನದು ಹೋದರೆ ಕೆಂಪು ಕಾಣುತ್ತೆ, ಎರಡನೆಯದೂ ಹೋದರೆ ಹಳದಿ, ಮೂರೂ ಹೋದರೆ ಬಿಳಿ ಕಾಗದ. ಗಿರಾಕಿ ಎದುರು ಅಂಚು ನೋಡಿಯೇ ನಾನು ಮಾತು ಕೊಡುವುದು. ಕೆಂಪಿದ್ದರೆ ಆಗುತ್ತೆ ಅಂತೀನಿ. ಬಿಳಿ ಇದ್ದರೆ ಮುಂಗಡ ತಗೊಳ್ಳಲ್ಲ. ಇಂಕ್‌ಜೆಟ್ ಪ್ರಿಂಟನ್ನು ಮಾತ್ರ ನೀರಿಗೆ ಹಾಕಲೇಬೇಡಿ, ಬಹಳಷ್ಟರಲ್ಲಿ ಬಣ್ಣವೇ ಬಿಟ್ಟು ಹೋಗುತ್ತೆ. ಕರಿಜ್ಮಾ ಆಲ್ಬಮ್ (ಪುಟದ ತುಂಬ ಫೋಟೋ ಪ್ರಿಂಟ್ ಆಗಿ ಬರುವ ದಪ್ಪ ಹಾಳೆಯ ಡಿಜಿಟಲ್ ಆಲ್ಬಮ್) ನನಗೆ ಇವತ್ತಿಗೂ ಬಗ್ಗಿಲ್ಲ, ಹತ್ತರಲ್ಲಿ ಎರಡು ಉಳಿದರೆ ಹೆಚ್ಚು. ಹಳೇ ಬ್ಲ್ಯಾಕ್ ಆ್ಯಂಡ್ ವೈಟ್ ಬ್ರೋಮೈಡ್ ಪೇಪರ್ ಮಾತ್ರ ಎಮ್ಮೆ ಇದ್ದಂಗೆ, ನೀರಲ್ಲಿ ಬಿದ್ದುಕೊಂಡಿದ್ದು ಎದ್ದು ಬರುತ್ತೆ. ಇನ್ನೊಂದು: ಆಲ್ಬಮ್ ಕೊಡಲು ಬಂದವರಿಗೆ ನೆಗೆಟಿವ್ ಇದೆಯಾ ಅಂತ ಕೇಳಿ. ಕಪಾಟಿನ ಮೂಲೆಯಲ್ಲಿ ಇರುತ್ತೆ, ಅದು ಫೋಟೋ ಅಂತ ಅವರಿಗೇ ಗೊತ್ತಿರಲ್ಲ.

ಸುಮ್ನೆ ಮಾಡಿ ನೋಡಿದ್ದೂ ಒಂದಿಷ್ಟಿವೆ. ಅಕ್ಕಿ ಡಬ್ಬಿಯಲ್ಲಿ ಇಟ್ಟೆ, ಫೋಟೋಗೆ ನುಚ್ಚು ಅಂಟಿತು. ಬೂಷ್ಟಿಗೆ ಕರ್ಪೂರ ಇಟ್ಟೆ, ದೇವರ ಮನೆ ವಾಸನೆ ಬಂತು, ಬೂಷ್ಟು ಹೋಗಲಿಲ್ಲ. ಫ್ರೇಮಿನ ಗಾಜಿಗೆ ಅಂಟಿದ ಏಳು ಫೋಟೋ ಗಾಜಿನ ಸಮೇತ ನೆನೆಸಿದೆ, ಮೂರು ಬಿಟ್ಟವು. ಉಳಿದ ನಾಲ್ಕು ಹಾಳು. ಈಗ ಗಾಜಿಗೆ ಅಂಟಿದ್ದನ್ನು ಮೊದಲು ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುತ್ತೇನೆ, ನೆನೆಸುವ ಮಾತು ಆಮೇಲೆ.

ಸ್ಕ್ಯಾನರ್ ಬೆಳಗಾವಿಯಲ್ಲಿ ಸೆಕೆಂಡ್‌ಹ್ಯಾಂಡ್ ಸಿಕ್ಕಿತು, ಒಂಬತ್ತು ಸಾವಿರ. 600 ಡಿಪಿಐ (ಇಂಚಿಗೆ 600 ಚುಕ್ಕೆ) ಸಾಕು, ಪಾಸ್‌ಪೋರ್ಟ್ ಸೈಜಿಗೆ 1200. ಹಳದಿ ಕಲೆ ಬಿದ್ದ ಬ್ಲ್ಯಾಕ್ ಆ್ಯಂಡ್ ವೈಟ್ ಆದರೆ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ ರೆಡ್ ಚಾನೆಲ್ (ಚಿತ್ರದ ಕೆಂಪು ಬೆಳಕಿನ ಭಾಗ) ಮಾತ್ರ ನೋಡಿ, ಅರ್ಧ ಕಲೆ ಅಲ್ಲೇ ಮಾಯ. ಸಿಲ್ಕ್ ಪೇಪರಿನ ಜೇನುಗೂಡು ಗೆರೆಗೆ ಫೋಟೋ ತಿರುಗಿಸಿ ಎರಡು ಸ್ಕ್ಯಾನ್, ಕೂಡಿಸಿದರೆ ಗೆರೆ ತಗ್ಗುತ್ತೆ. ಆಮೇಲಿನದು ನಿಮಗೆ ಗೊತ್ತಿದ್ದದ್ದೇ.

ಆದರೆ ಮೊಬೈಲ್ ಆ್ಯಪ್ ವಿಷಯ ಹೇಳಬೇಕು. "ಎಐ ಒಂದು ನಿಮಿಷದಾಗ ಮಾಡ್ತೈತಿ, ನೀ ಯಾಕ ಒದ್ದಾಡ್ತಿ?" ಅನ್ನುವವರು ಈಗ ಜಾಸ್ತಿ. ಒಮ್ಮೆ ನಾನೂ ಮಾಡಿದೆ. ಅರಭಾವಿ ಕಡೆಯ ಒಬ್ಬರು ತಾಯಿಯ ಫೋಟೋ ತಂದಿದ್ದರು. ಅರ್ಧ ಕೆನ್ನೆ ಹೋಗಿತ್ತು. ಆ್ಯಪ್ ಚಂದ ಮಾಡಿ ಕೊಟ್ಟಿತು, ಚರ್ಮ ಮಿರಮಿರ. ಮಗ ಬಹಳ ಹೊತ್ತು ನೋಡಿ, "ಇಕಿ ನಮ್ಮವ್ವ ಅಲ್ರಿ" ಅಂದರು. ಯಾಕಂತ ನನಗೂ ತಕ್ಷಣ ತಿಳಿಯಲಿಲ್ಲ. ಮೂಲ ಫೋಟೋ ಪಕ್ಕಕ್ಕೆ ಇಟ್ಟು ನೋಡಿದರೆ ಗದ್ದದ ಮೇಲಿನ ಹಚ್ಚೆಯ ಮೂರು ಚುಕ್ಕೆ ಇಲ್ಲ. ಕಲೆ ಅಂತ ಒರೆಸಿ ಹಾಕಿತ್ತು.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ನೀರು ತಿಂದ ಜಾಗವನ್ನು ತುಂಬಲ್ಲ. ತೆಳು ಬೂದು ಬಣ್ಣ ಮಾಡಿ ಬಿಡುತ್ತೇನೆ. ಇರೋದನ್ನು ಮಾತ್ರ ಸ್ವಚ್ಛ ಮಾಡ್ತೀನಿ. ಇದಕ್ಕೆ ಗಿರಾಕಿಗಳು ಜಗಳ ಆಡ್ತಾರೆ, ಅರ್ಧ ಮುಖಕ್ಕೆ ಪೂರ್ತಿ ದುಡ್ಡು ಯಾಕೆ ಅಂತಾರೆ. ಹತ್ತರಲ್ಲಿ ಇಬ್ಬರು ವಾಪಸ್ ತಗೊಂಡು ಹೋಗ್ತಾರೆ. ಹೋಗಲಿ. ಆ ಅರಭಾವಿಯವರು ಅರ್ಧ ಕೆನ್ನೆಯ ಫೋಟೋವನ್ನೇ ದೊಡ್ಡದು ಮಾಡಿಸಿಕೊಂಡರು, ಹಚ್ಚೆ ಸಮೇತ. ಆಮೇಲೆ ಅವರ ಕಡೆಯಿಂದ ಆರು ಮನೆಯ ಕೆಲಸ ಬಂತು.

ಒಂದು ಆಲ್ಬಮ್ ಬಗ್ಗೆ ಹೇಳಿ ದುಡ್ಡಿನ ಲೆಕ್ಕಕ್ಕೆ ಹೋಗ್ತೀನಿ. 2009ರಲ್ಲಿ ನಾನೇ ತೆಗೆದ ಮದುವೆ. 2021ರ ನೀರಲ್ಲಿ ನೆಂದಿದ್ದು. ಆಗೆಲ್ಲ ಹೆಂಡತಿ ನನ್ನ ಜೊತೆ ಬಂದು ವಿಡಿಯೋ ಲೈಟ್ ಹಿಡಿಯುತ್ತಿದ್ದಳು. ಹುಡುಗ ಇಟ್ಟುಕೊಂಡರೆ ದಿನಕ್ಕೆ ಇನ್ನೂರು ಕೊಡಬೇಕಲ್ಲ ಅಂತ. ಮದುಮಗಳು ಬಳೆ ಇಡಿಸಿಕೊಳ್ಳುವ ಫೋಟೋ ಟ್ರೇಯಲ್ಲಿ ಬಿಟ್ಟುಕೊಂಡಿತು. ಹಿಂದೆ ಗೋದ್ರೆಜ್ ಕಪಾಟಿನ ಕನ್ನಡಿ. ಕನ್ನಡಿಯಲ್ಲಿ ಅವಳು. ಎಡಗೈಯಲ್ಲಿ ಲೈಟು, ಬಲಗೈಯಿಂದ ಸೆರಗು ಹಣೆಗೆ ಅಡ್ಡ ಹಿಡಿದು ಕಣ್ಣು ಕಿರಿದು ಮಾಡಿಕೊಂಡಿದ್ದಳು. ಲೈಟಿನ ಝಳಕ್ಕೆ ಯಾವಾಗಲೂ ಹಾಗೇ ಮಾಡುತ್ತಿದ್ದಳು. ನಾನೇ ತೆಗೆದದ್ದು, ನಾನೇ ಪ್ರಿಂಟ್ ಹಾಕಿಸಿ ಕೊಟ್ಟದ್ದು, ಹನ್ನೆರಡು ವರ್ಷ ನೋಡಿರಲಿಲ್ಲ. ನೀರಿನಿಂದ ಹೊರಗೆ ತೆಗೆಯಲು ಧೈರ್ಯ ಬರಲಿಲ್ಲ, ಟ್ರೇಯಲ್ಲೇ ಬಿಟ್ಟು ಹೊರಗೆ ಹೋಗಿ ಕೂತೆ. ಆ ಮನೆಯವರನ್ನು ಒಂದು ಕಾಪಿ ಮಾಡಿಕೊಳ್ಳಲಾ ಅಂತ ಕೇಳಿದೆ. ಅವರು ಪ್ರಿಂಟನ್ನೇ ಕೊಟ್ಟರು. ಕನ್ನಡಿಯ ಒಂದು ಅಂಚು ಕೆಂಪಾಗಿದೆ. ಹಾಗೇ ಗೋಡೆಗೆ ಹಾಕಿದ್ದೇನೆ. ಆಧಾರ್ ಫೋಟೋ ತೆಗೆದಿಟ್ಟೆ.

ದುಡ್ಡು. ಮೊದಲ ಆರು ತಿಂಗಳಲ್ಲಿ ಬಂದದ್ದು ಸುಮಾರು ಹನ್ನೊಂದು ಸಾವಿರ, ಹೋದದ್ದು ಇಪ್ಪತ್ತೆಂಟು. ನೆರೆಯ ಹೊಡೆತ ತಿಂದವರ ಹತ್ತಿರ ದುಡ್ಡು ಏನಂತ ಕೇಳೋದು? ಅಣ್ಣ ಬಡ್ಡಿ ಇಲ್ಲದೆ ಕೊಟ್ಟ, ಜೊತೆಗೆ ದಿನಾ "ಮದುವೆ ಆರ್ಡರ್ ಹಿಡಿಯೋ" ಅಂತ ಬುದ್ಧಿ ಹೇಳಿದ. ಈಗ ಬಿಡಿಸಿ ಒಣಗಿಸಲು ಒಂದು ಪ್ರಿಂಟಿಗೆ ಅರವತ್ತು ರೂಪಾಯಿ, ಸ್ಕ್ಯಾನ್ ಮಾಡಿ ಸರಿ ಮಾಡಿದರೆ ಕೆಲಸ ನೋಡಿಕೊಂಡು ಮುನ್ನೂರರಿಂದ ಸಾವಿರದ ತನಕ. ತಿಂಗಳಿಗೆ ಹದಿನೆಂಟು ಇಪ್ಪತ್ತು ಸಾವಿರ ಆಗುತ್ತೆ, ಬೆಳಗಾವಿ, ಮುಧೋಳ, ಜಮಖಂಡಿಯಿಂದ ಕೊರಿಯರ್‌ನಲ್ಲೂ ಬರುತ್ತೆ. ವರ್ಷಕ್ಕೆ ಎಂಟು ಹತ್ತು ಮದುವೆ ಮಾಡ್ತೀನಿ, ಅದು ಇಲ್ಲದೆ ಮಗಳ ಕಾಲೇಜು ನಡೆಯಲ್ಲ. ಸತ್ತವರ ಒಂದೇ ಫೋಟೋ ಅಂತ ತಂದರೆ ದುಡ್ಡು ತಗೊಳ್ಳಲ್ಲ, ಅದು ಲೆಕ್ಕದಲ್ಲಿಲ್ಲ. ಕುಲ್ಫಿ ಅಂದವನು ಕಳೆದ ಮಳೆಗಾಲದಲ್ಲಿ ತನ್ನ ಅಜ್ಜನ ಫೋಟೋ ತಂದ. ಅವನಿಂದ ಪೂರ್ತಿ ತಗೊಂಡೆ.

ನಮ್ಮ ಮದುವೆಯ ಇಟ್ಟಿಗೆ ಇನ್ನೂ ಮುಗಿದಿಲ್ಲ. ಅರವತ್ತರ ಹತ್ತಿರ ಫೋಟೋ, ಹತ್ತೊಂಬತ್ತು ಬಿಡಿಸಿದ್ದೇನೆ. ಒಣಗಿ ಗಟ್ಟಿಯಾದದ್ದು ಬಹಳ ಸತಾಯಿಸುತ್ತೆ, ಹಾಗಾಗಿ ನೀರು ತಣ್ಣಗಿರುವ ದಿನ ಮಾತ್ರ ಕೈ ಹಾಕೋದು. ಹೋದ ವಾರ ಬಂದದ್ದು ಊಟದ ಪಂಕ್ತಿ. ಮಾವ ಕೂತಿದ್ದಾರೆ, ಎಲೆ ಮೇಲೆ ಎರಡು ಹೋಳಿಗೆ ಸ್ಪಷ್ಟ ಇದೆ. ಪಕ್ಕದಲ್ಲಿ ಕೂತವರ ತಲೆ ಇದ್ದ ಕಡೆ ಬಿಳಿ, ಕೈ ಮತ್ತು ವಾಚು ಮಾತ್ರ ಉಳಿದಿದೆ. ವಾಚು ನೋಡಿ ಯಾರಂತ ಹೇಳ್ತಾರೇನೋ, ಭಾನುವಾರ ಮಾವನ ಮನೆಗೆ ಒಯ್ಯಬೇಕು.