ಅಪ್ಪನ ಪೆನ್ಷನ್ ವಾಪಸ್ ಕಟ್ಟಿ ಅಂತ ನನ್ನ ಹೆಸರಿಗೆ ನೋಟಿಸ್ ಬಂದಾಗ

ಅಪ್ಪ ತೀರ್ಕೊಂಡ್ಮೇಲೆ ತಾಲೂಕು ಆಫೀಸಿಂದ ನೋಟಿಸ್ ಬಂತು. ಅವ್ರು ಬೇರೆ ಪೆನ್ಷನ್ ಬರ್ತಾ ಇದ್ರೂ ಅದನ್ನ ಹೇಳ್ದೆ ಸಂಧ್ಯಾ ಸುರಕ್ಷಾ (ರಾಜ್ಯ ಸರ್ಕಾರ ವಯಸ್ಸಾದವ್ರಿಗೆ ಕೊಡೋ ಪೆನ್ಷನ್) ತಗೊಂಡಿದಾರೆ, ಪೂರ್ತಿ ದುಡ್ಡು ಮಗ ಕಟ್ಟಬೇಕು, ಇಲ್ಲಾಂದ್ರೆ ಕೇಸ್ ಅಂತ. ಅಮ್ಮ ಅಂತೂ ಹೆದರಿ ಬಳೆ ಅಡ ಇಡೋಕೆ ಹೊರಟಿದ್ರು.

ಪರಿಚಯದ ವಕೀಲ್ರು ಬಿಡಿಸಿ ಹೇಳಿದ್ರು. ಕ್ರಿಮಿನಲ್ ಹೊಣೆ ತಪ್ಪು ಮಾಡಿದವ್ರದ್ದೇ, ಮಕ್ಕಳಿಗೆ ಅಂಟಲ್ಲ, ನಾವೇ ಸುಳ್ಳು ಅರ್ಜಿಗೆ ಕೈಜೋಡಿಸಿದ್ರೆ ಮಾತು ಬೇರೆ. ದುಡ್ಡಿನ ವಸೂಲಿ ಮಾತ್ರ ಅಪ್ಪ ಬಿಟ್ಟುಹೋದ ಆಸ್ತಿಯಲ್ಲಿ ನಮ್ಮ ಕೈಗೆ ಎಷ್ಟು ಬಂತೋ ಅಷ್ಟರವರೆಗೆ, ನನ್ನ ಸಂಬಳಕ್ಕೆ ಕೈ ಹಾಕೋ ಹಾಗಿಲ್ಲ (ಡಿಕ್ರಿ, ಅಂದ್ರೆ ದುಡ್ಡು ಕಟ್ಟಿ ಅಂತ ಕೋರ್ಟ್ ತೀರ್ಪು ಆದ್ಮೇಲೂ ಇದೇ ಲೆಕ್ಕ, 1908ರ ಸಿವಿಲ್ ಪ್ರೊಸೀಜರ್ ಕೋಡ್ ಸೆಕ್ಷನ್ 50 ನೋಡಿ).

ಆದ್ರೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿದ್ರೆ ಅಪ್ಪ ಹೋದ್ಮೇಲೂ ದುಡ್ಡು ಜಮಾ ಆಗಿತ್ತು. ಇದು ನಮ್ಮಲ್ಲಿ ಯಾರಿಗೂ ಸೇರಿದ್ದಲ್ಲ, ಸರ್ಕಾರದ ದುಡ್ಡು, ಎಟಿಎಂ ಕಾರ್ಡ್ ಹಾಕಿ ತೆಗೆದ್ರೆ ಆಗ ವಂಚನೆ ನಮ್ಮದೇ ಆಗುತ್ತೆ, ಪುಣ್ಯಕ್ಕೆ ಮನೇಲಿ ಯಾರೂ ಮುಟ್ಟಿರ್ಲಿಲ್ಲ.

ಆಮೇಲೆ 10 ರೂಪಾಯಿ ಫೀಸ್ ಕಟ್ಟಿ ಆರ್‌ಟಿಐ ಹಾಕಿ ಅಪ್ಪನ ಮೂಲ ಅರ್ಜಿ, ತಿಂಗಳುವಾರು ಪಾವತಿ ಪಟ್ಟಿ ತರಿಸ್ಕೊಂಡೆ. ನೋಟಿಸ್‌ಗೆ ಬಾಯಿಮಾತಲ್ಲಿ ಉತ್ತರ ಕೊಡ್ಲಿಲ್ಲ. ಡೆತ್ ಸರ್ಟಿಫಿಕೇಟ್, ಪಾಸ್‌ಬುಕ್ ಜೆರಾಕ್ಸ್, ನಮಗೆ ಬಂದ ಆಸ್ತಿಯ ವಿವರ ಲಗತ್ತಿಸಿ ಬರೆದುಕೊಟ್ಟು, ಇನ್ನೊಂದು ಕಾಪಿ ಮೇಲೆ ಸ್ವೀಕೃತಿ ಸೀಲ್ ಹಾಕಿಸ್ಕೊಂಡೆ (ಕೇಳದೆ ಹಾಕಲ್ಲ, ಕೇಳಿ). ಸತ್ತ ಮೇಲೆ ಬಂದ ಹಣವನ್ನ ಖಜಾನೆ-2 (ರಾಜ್ಯ ಸರ್ಕಾರಕ್ಕೆ ದುಡ್ಡು ಕಟ್ಟೋ ಆನ್‌ಲೈನ್ ವ್ಯವಸ್ಥೆ) ಚಲನ್‌ನಲ್ಲಿ ವಾಪಸ್ ಕಟ್ಟಿದ್ವಿ. ಅಪ್ಪನ ಹೆಸರಲ್ಲಿ ಇದ್ದಿದ್ದು ಆ ಖಾತೆಯ ಚಿಲ್ಲರೆ ಬ್ಯಾಲೆನ್ಸ್ ಅಷ್ಟೇ, ಅದನ್ನೂ ಸೇರಿಸಿ ಕೊಟ್ವಿ. ಉಳಿದಿದ್ದನ್ನ ನನ್ನಿಂದ ವಸೂಲಿ ಮಾಡೋದು ಕೈಬಿಟ್ಟಿದೀವಿ ಅಂತ ಲಿಖಿತವಾಗಿ ಬಂತು, ಫೈಲ್ ಮಾಡಿಟ್ಟಿದೀನಿ.