ವಾರ್ಡ್ ಸಮಿತಿಯ ಸಭೆಗೆ ಎಸ್ಟಿಮೇಟ್ ತರಿಸಿದ ಬಗೆ

ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂಬ ನಿಯಮವು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯಲ್ಲೇ ಇದೆಯಾದರೂ, ಬೆಂಗಳೂರಿನಲ್ಲಿ ಈ ಸಮಿತಿಗಳು ತಿಂಗಳಿಗೊಮ್ಮೆ ಸೇರುವ ಹಂತಕ್ಕೆ ಬರಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. 2019ರಲ್ಲಿ ನಾನು ನಿವಾಸಿಗಳ ಸಂಘದ ಪರವಾಗಿ ನಮ್ಮ ವಾರ್ಡಿನ ಸಮಿತಿಗೆ ಸೇರಿದಾಗ ಸಭೆಯೆಂದರೆ ಕಸ, ಬೀದಿದೀಪ, ಬೀದಿನಾಯಿಗಳ ದೂರು ಓದುವುದಷ್ಟೇ ಆಗಿತ್ತು. ದೂರು ಹೇಳುವುದು ಸುಲಭ, ಕೇಳಿಸಿಕೊಂಡು ಸುಮ್ಮನಿರುವುದು ಇನ್ನೂ ಸುಲಭ. ಹಣ ಖರ್ಚಾಗುವ ಕಾಗದ ಸಭೆಯ ಮುಂದೆ ಬಾರದೆ ಜನರ ಪಾಲ್ಗೊಳ್ಳುವಿಕೆಗೆ ಅರ್ಥವಿಲ್ಲವೆಂದು ನನಗೆ ಅನ್ನಿಸಿತು.

ನಮ್ಮ ರಸ್ತೆಯ ಚರಂಡಿ ಕಾಮಗಾರಿಯ ಎಸ್ಟಿಮೇಟ್, ಅಂದರೆ ಅಂದಾಜು ವೆಚ್ಚದ ಪಟ್ಟಿ, ಕೇಳಿದಾಗ, ‘ಅದೆಲ್ಲ ಟೆಕ್ನಿಕಲ್ ವಿಷಯ ಮೇಡಂ, ನಿಮಗ್ಯಾಕೆ’ ಎಂಬ ಉತ್ತರ ಬಂತು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ ಎಂಬುದು ಕರ್ನಾಟಕದ ನಿಯಮವಾದ್ದರಿಂದ, ಆ ಒಂದು ಕಾಮಗಾರಿಯ ಎಸ್ಟಿಮೇಟ್, ಕಾರ್ಯಾದೇಶ ಮತ್ತು ಆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪ್ರತಿಗಳನ್ನಷ್ಟೇ ಕೇಳಿದ್ದೆ. ಹಾಗೆ ಕೇಳಿದ್ದರಿಂದಲೇ ನುಣುಚಿಕೊಳ್ಳಲು ದಾರಿ ಇರಲಿಲ್ಲ.

ಪ್ರತಿಗಳನ್ನು ಹಿಡಿದು, ನಿವೃತ್ತ ಓವರ್‌ಸಿಯರ್ ಒಬ್ಬರನ್ನು ಜೊತೆಗೆ ಕರೆದುಕೊಂಡು, ಟೇಪಿನಲ್ಲಿ ಅಳೆಯುತ್ತ ಹೋದೆವು. ಕಾಗದದ ಮೇಲೆ ಉದ್ದಕ್ಕೂ ಹೊಸ ಚಪ್ಪಡಿಗಳಿದ್ದವು. ನೆಲದ ಮೇಲೆ ಕೆಲವು ಕಡೆ ಹಳೆಯ ಚಪ್ಪಡಿಗಳನ್ನೇ ಮಗುಚಿ ಹಾಕಿದ್ದರು, ಅವುಗಳ ಅಡಿಭಾಗದ ಒಣಗಿದ ಪಾಚಿ ಈಗ ಮೇಲೆ ಕಾಣುತ್ತಿತ್ತು. ಅಳತೆಗಳನ್ನು ಬರೆದು, ಸಹಿ ಹಾಕಿ, ಸಭೆಯಲ್ಲಿ ಕೊಟ್ಟು, ನಡಾವಳಿಯಲ್ಲಿ ದಾಖಲಾಗುವವರೆಗೆ ಎದ್ದು ಬರಲಿಲ್ಲ. ಬಿಲ್ ಪಾವತಿಗೆ ಮೊದಲು ಮರು ಅಳತೆ ನಡೆದು ಆ ಬಾಬ್ತಿನ ಮೊತ್ತ ಇಳಿಯಿತು. ಬಾಯಿಮಾತಿನ ಆಕ್ಷೇಪಣೆಯಾಗಿದ್ದರೆ ಇದು ಖಂಡಿತ ಆಗುತ್ತಿರಲಿಲ್ಲ.

ನಾವು ಅಳೆಯುವುದನ್ನು ನೋಡುತ್ತಿದ್ದ ಹೂ ಮಾರುವ ಹೆಂಗಸೊಬ್ಬರು, ‘ಅಕ್ಕಾ, ಇಲ್ಲೆಲ್ಲಿ ನೀರು ನಿಲ್ಲುತ್ತೆ? ಕೆಳಗಡೆ ನಮ್ಮ ಮನೆಗಳ ಹತ್ರ ಮೋರಿ ಕಟ್ಟಿಕೊಂಡಿದೆ, ಅದನ್ನ ಯಾರೂ ನೋಡಲ್ಲ’ ಎಂದರು. ಅವರ ಮಾತು ಸರಿಯಾಗಿತ್ತು. ಶನಿವಾರ ಬೆಳಗಿನ ಸಭೆಗೆ ಬರಬಲ್ಲವರು ನಮ್ಮಂಥ ನಿವೃತ್ತರು, ಸ್ವಂತ ಮನೆಯವರು. ಮನೆಗೆಲಸದವರಿಗೂ ಬೀದಿ ವ್ಯಾಪಾರಿಗಳಿಗೂ ಅದು ದುಡಿಮೆಯ ಹೊತ್ತು. ಸಮಿತಿಯಲ್ಲಿ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಸ್ಥಾನಗಳನ್ನು ಕಾನೂನು ಮೀಸಲಿಟ್ಟಿದೆ, ಆದರೆ ಸಭೆಯ ಹೊತ್ತನ್ನು ಅವರಿಗೆ ಒಗ್ಗಿಸುವ ಕೆಲಸ ಸದಸ್ಯರದೇ. ಹಾಗಾಗಿ ಸಭೆಯ ಹಿಂದಿನ ವಾರ ಸಂಜೆಯ ಹೊತ್ತು ಆ ಬೀದಿಯಲ್ಲೇ ಕುಳಿತು ಬೇಡಿಕೆಗಳನ್ನು ಬರೆದುಕೊಳ್ಳುವ ಪದ್ಧತಿ ಹಾಕಿಕೊಂಡೆವು. ಮುಂದಿನ ಕಾಮಗಾರಿಗಳ ಪಟ್ಟಿಯಲ್ಲಿ ಮೋರಿಯ ಹೆಸರು ಮೊದಲಿಗೆ ಬಂತು.

2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದು, ಸಭೆಗಳು ಪಾಲಿಕೆ ನೇಮಿಸಿದ ನೋಡಲ್ ಅಧಿಕಾರಿಗಳ ಕೈಗೆ ಹೋದವು. ಪ್ರಶ್ನೆ ಕೇಳಲು ಕಾರ್ಪೊರೇಟರ್ ಇಲ್ಲದಿದ್ದರೂ ನಡಾವಳಿಯ ಪ್ರತಿ ಪಡೆಯುವುದನ್ನು ನಾವು ಬಿಡಲಿಲ್ಲ. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಜಾಗದಲ್ಲಿ ಐದು ಪಾಲಿಕೆಗಳಾಗಿ ವಾರ್ಡುಗಳ ಗಡಿಯೂ ಬದಲಾಗಿರುವುದರಿಂದ, ಹಳೆಯ ನಡಾವಳಿಗಳನ್ನು ರಸ್ತೆವಾರು ಬೇರ್ಪಡಿಸಿ, ಬೇರೆ ವಾರ್ಡಿಗೆ ಸೇರಿದ ಬೀದಿಗಳ ಕಾಗದಗಳನ್ನು ಅಲ್ಲಿಯ ನಿವಾಸಿಗಳಿಗೆ ಒಪ್ಪಿಸುತ್ತಿದ್ದೇನೆ.